ಕೇಳಿಸಿಕೊಳ್ಳುವುದು ಬೇರೆ, ತೀರ್ಪು ಕೊಡುವುದು ಬೇರೆ

(ತುಮಕೂರಿನಲ್ಲಿ ನಡೆದ ಹಾಸ್ಟೆಲ್ ವಿದ್ಯಾರ್ಥಿ-ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಇಷ್ಟೊಂದು ಜನ ಹುಡುಗರು ಹುಡುಗಿಯರು ಬಂದಿದ್ದೀರಿ. ಬೆಳಿಗ್ಗೆಯಿಂದ ಭೂಮಿ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ, ಮೀಸಲಾತಿ ಬಗ್ಗೆ ಮಾತಾಡಿದ್ದೇವೆ. ನನಗೆ ಕೊಟ್ಟಿರುವ ವಿಷಯವನ್ನು ಮಾತ್ರ ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಮುಂದಿನ ಸಾಲಿನವರು ಕೆಮ್ಮುತ್ತಾರೆ, ಹಿಂದಿನ ಸಾಲಿನವರು ಟೀ ಕುಡಿಯಲು ಆಚೆಗೆ ಹೋಗುತ್ತಾರೆ. ವಿಷಯ ಇಷ್ಟೇ. ಸಂಘದ ಆಫೀಸಿನಲ್ಲಿ, ಪಕ್ಷದ ಆಫೀಸಿನಲ್ಲಿ, ಪ್ರಚಾರದ ಜೀಪಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಒಬ್ಬ ಕೈಹಾಕಿದರೆ, ಕೊಳಕು ಮಾತಾಡಿದರೆ, ಅರ್ಧರಾತ್ರಿ ಫೋನು ಮಾಡಿ ಪೀಡಿಸಿದರೆ ಅವಳು ಯಾರ ಹತ್ತಿರ ಹೋಗಿ ಹೇಳಬೇಕು? ಹೇಳಿದ ಮೇಲೆ ನಾವು ಏನು ಮಾಡಬೇಕು?

ನಮ್ಮ ಸಂಘಗಳಿಗೆ ಹುಡುಗಿಯರು ಬರುತ್ತಾರೆ. ಎರಡು ಮೂರು ಸಭೆಗೆ ಬರುತ್ತಾರೆ, ಆಮೇಲೆ ಕಾಣುವುದಿಲ್ಲ. ಕೇಳಿದರೆ 'ಮನೇಲಿ ಬಿಡಲಿಲ್ಲ' ಅಂತ ನಾವೇ ಉತ್ತರ ಹೇಳಿಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಪ್ರತಿಸಲವೂ ಅದೇ ನಿಜವಾ? ಬಂದವಳನ್ನ ಯಾರಾದರೂ ಹೋಗಿ ಕೇಳಿದ್ದೀವಾ?

ರಾಜಕೀಯದ ಕೆಲಸಕ್ಕೆ ಹಾಜರಿ ಪುಸ್ತಕ ಇರುವುದಿಲ್ಲ. ಸಂಬಳದ ಚೀಟಿ ಇಲ್ಲ. ಪೋಸ್ಟರ್ ಅಂಟಿಸುವವನು, ಬ್ಯಾನರ್ ಬರೆಯುವವಳು, ಓಟಿನ ಚೀಟಿ ಹಂಚುವವಳು, ಶಾಸಕರ ಮನೆಯಲ್ಲಿ ಬಂದವರಿಗೆಲ್ಲಾ ಕಾಫಿ ಕೊಡುವವಳು, ಎಲ್ಲರೂ ಅಲ್ಲಿ ದುಡಿಯುವವರೇ. ಕರ್ನಾಟಕದಲ್ಲಿ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಅರ್ಧ ಸೀಟು ಅಂತ 2010ರಲ್ಲಿ ಕಾನೂನಾಯಿತು. ಗುಬ್ಬಿ ತಾಲೂಕಿನಲ್ಲೂ ಕುಣಿಗಲ್ ತಾಲೂಕಿನಲ್ಲೂ ಕೂಲಿ ಮಾಡುವ ನಮ್ಮ ಅಕ್ಕತಂಗಿಯರು ಸದಸ್ಯರಾಗಿ ಕುರ್ಚಿ ಮೇಲೆ ಕೂತರು. ಟಿಕೆಟ್ ಕೊಡಿಸುವವನು ಗಂಡಸು, ಬಿಲ್ಲು ಪಾಸು ಮಾಡಿಸುವವನು ಗಂಡಸು, ಸಭೆ ಮುಗಿದ ಮೇಲೆ ಊರಿಗೆ ಬಿಡಲು ಗಾಡಿ ಇಟ್ಟಿರುವವನೂ ಗಂಡಸು. ಅವನನ್ನು ಎದುರು ಹಾಕಿಕೊಂಡರೆ ಅವಳ ರಾಜಕೀಯ ಅಲ್ಲಿಗೆ ಮುಗಿಯಿತು. ಈ ಹಂಗನ್ನು ಅರ್ಥ ಮಾಡಿಕೊಳ್ಳದೆ ದೂರಿನ ಮಾತು ಆಡಲಿಕ್ಕೆ ಆಗುವುದಿಲ್ಲ.

ದೂರು ಬಂದಾಗ ನಮ್ಮ ನಾಡಿನಲ್ಲಿ ಎರಡೇ ದಾರಿ ನಡೆದುಕೊಂಡು ಬಂದಿದೆ. ಒಂದು ಮುಚ್ಚಿಹಾಕುವುದು. ಇನ್ನೊಂದು ಬೀದಿಗೆ ತರುವುದು.

ಮುಚ್ಚಿಹಾಕುವುದು ನಿಮಗೆ ಗೊತ್ತೇ ಐತೆ. ಊರಿನ ಅರಳಿಕಟ್ಟೆ ಮೇಲೆ ನ್ಯಾಯ ಸೇರುತ್ತದೆ. ಯಜಮಾನರು ಕೂತಿರುತ್ತಾರೆ, ಹೆಣ್ಣಿನ ಕಡೆಯವರು ಕೆಳಗೆ ನಿಂತಿರುತ್ತಾರೆ, ಹೆಣ್ಣು ಮನೆಯೊಳಗೆ ಇರುತ್ತಾಳೆ. 'ಆಗಿದ್ದು ಆಗೋಯ್ತು, ಮರ್ಯಾದೆ ಪ್ರಶ್ನೆ' ಅಂತಾರೆ. ಒಂದಿಷ್ಟು ತಪ್ಪುದಂಡ ಹಾಕುತ್ತಾರೆ. ಇಲ್ಲಾ ಅವನಿಗೇ ಕಟ್ಟಿಬಿಡಿ ಅಂತಾರೆ. ಆ ಕಟ್ಟೆಯ ನ್ಯಾಯ ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಮ್ಮ ಅಪ್ಪಂದಿರನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಮಾತಾಡಲು ಬಿಡದೆ ತೀರ್ಪು ಕೊಟ್ಟವರ ನ್ಯಾಯ ಅದು. ನಾವು ಸಂಘ ಕಟ್ಟಿದ್ದೇ ಆ ಕಟ್ಟೆಯನ್ನು ಒಪ್ಪುವುದಿಲ್ಲ ಅಂತ. ನಮ್ಮದೇ ಆಫೀಸಿನ ಬಾಗಿಲು ಹಾಕಿಕೊಂಡು 'ಸುಮ್ನಿರಮ್ಮ, ಚಳವಳಿ ಹೆಸರು ಕೆಡುತ್ತೆ' ಅಂದರೆ ನಾವೂ ಒಂದು ಕಟ್ಟೆ ಕಟ್ಟಿದಂತೆಯೇ ಆಯಿತು.

ಇನ್ನು ಬೀದಿಯ ದಾರಿ. 2024ರ ಏಪ್ರಿಲ್‌ನಲ್ಲಿ ಪಕ್ಕದ ಹಾಸನದಲ್ಲಿ ಏನಾಯಿತು ನೋಡಿದಿರಿ. ಲೋಕಸಭೆ ಓಟಿಗೆ ಮುಂಚೆ ಪೆನ್‌ಡ್ರೈವ್‌ಗಳು ಬೀದಿಬೀದಿಯಲ್ಲಿ ಸಿಕ್ಕವು. ಹೆಂಗಸರ ಮುಖವನ್ನೂ ಮುಚ್ಚದೆ ಹಂಚಿದರು. ಹಂಚಿದವರಿಗೆ ಬೇಕಾಗಿದ್ದು ಓಟು. ಅದರಲ್ಲಿದ್ದ ಹೆಂಗಸರು ಊರು ಬಿಡಬೇಕಾಯಿತು. ಸಂಸದ ಪ್ರಜ್ವಲ್ ರೇವಣ್ಣ ದೇಶ ಬಿಟ್ಟು ಹೋದ ಮೇಲೆ, ಏಪ್ರಿಲ್ 30ಕ್ಕೆ ಜೆಡಿಎಸ್ ಪಕ್ಷ ಅವರನ್ನು ಅಮಾನತು ಮಾಡಿತು. ಕಡೆಗೆ ಕೇಸು ಗೆದ್ದಿದ್ದು ಪೆನ್‌ಡ್ರೈವ್ ಹಂಚಿದವರಲ್ಲ. ಆ ಕುಟುಂಬದ ತೋಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. 2021ರಲ್ಲಿ ಆದದ್ದನ್ನು 2024ರಲ್ಲಿ ಹೇಳಿದಳು. ಅವಳ ಸೀರೆ ಸಾಕ್ಷಿಯಾಯಿತು. 2025ರ ಆಗಸ್ಟ್ 1ರಂದು ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು, ಮಾರನೇ ದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ಮೂರು ವರ್ಷ ಅವಳು ಯಾಕೆ ಸುಮ್ಮನಿದ್ದಳು ಅಂತ ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ಆ ಮನೆಯಲ್ಲಿ, ಆ ಪಕ್ಷದಲ್ಲಿ, ಆ ಜಿಲ್ಲೆಯಲ್ಲಿ ಅವಳು ಹೇಳಿಕೊಳ್ಳುವ ಜಾಗ ಯಾವುದಿತ್ತು?

ಬೇರೆ ಕೇಸುಗಳನ್ನೂ ನೋಡಿ. 2010ರಲ್ಲಿ ಮಂತ್ರಿ ಹರತಾಳು ಹಾಲಪ್ಪ ಅತ್ಯಾಚಾರದ ಆರೋಪದ ಮೇಲೆ ರಾಜೀನಾಮೆ ಕೊಟ್ಟರು, 2017ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. 2016ರಲ್ಲಿ ಎಚ್.ವೈ. ಮೇಟಿ, 2021ರಲ್ಲಿ ರಮೇಶ ಜಾರಕಿಹೊಳಿ. ಟೀವಿಯಲ್ಲಿ ಸೀಡಿ ಬಂತು, ಮಂತ್ರಿಗಿರಿ ಹೋಯಿತು, ತನಿಖೆಯಲ್ಲಿ ಕೇಸು ನಿಲ್ಲಲಿಲ್ಲ. ಇವುಗಳಲ್ಲಿ ಯಾರು ತಪ್ಪಿತಸ್ಥರು ಅಂತ ನಾನು ಹೇಳಲು ಬಂದಿಲ್ಲ. ಪಕ್ಷದೊಳಗೆ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಕೊಂಡು, ಇಬ್ಬರ ಮಾತನ್ನೂ ಕೇಳಿ, ಕಾರಣ ಬರೆದು ಜನರ ಮುಂದೆ ಇಟ್ಟ ಒಂದು ತೀರ್ಮಾನವನ್ನು ಈ ಯಾವ ಪ್ರಕರಣದಲ್ಲೂ ನಾವು ನೋಡಲಿಲ್ಲ. ರಾಜೀನಾಮೆ ಕೊಟ್ಟರೆ ನ್ಯಾಯ ಆದಂತಲ್ಲ. ಅದು ಪಕ್ಷ ಕೈತೊಳೆದುಕೊಳ್ಳುವ ನೀರು, ಅಷ್ಟೇ.

ನಮ್ಮ ಜಿಲ್ಲೆಗೇ ಬನ್ನಿ. 2025ರ ಜನವರಿಯಲ್ಲಿ ಮಧುಗಿರಿಯಲ್ಲಿ, ದೂರು ಕೊಡಲು ಬಂದ ಹೆಂಗಸಿನ ಜೊತೆ ಕಚೇರಿಯಲ್ಲೇ ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ ಅಲ್ಲಿನ ಡಿವೈಎಸ್ಪಿಯನ್ನೇ ಅಮಾನತು ಮಾಡಿ ಬಂಧಿಸಿದರು. ಅದೂ ವಿಡಿಯೋ ಹರಿದಾಡಿದ ಮೇಲೆ. ವಿಡಿಯೋ ಇಲ್ಲದಿದ್ದರೆ? ದೂರು ಕೇಳುವ ಕುರ್ಚಿಯ ಮೇಲೇ ದೂರು ಬಂದರೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು?

ಕಾನೂನು ಇಲ್ಲವಾ ಅಂತ ಕೇಳುತ್ತೀರಿ. ಇದೆ. ಅದು ನಮ್ಮಂಥ ಒಬ್ಬ ಬಡ ಹೆಂಗಸಿನ ಹೋರಾಟದಿಂದ ಬಂದದ್ದು. ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ, ಕುಂಬಾರ ಜಾತಿಯವರು, ಸರ್ಕಾರದ ಮಹಿಳಾ ಯೋಜನೆಯ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದರ ಫಲವಾಗಿ 1997ರಲ್ಲಿ ವಿಶಾಖ ತೀರ್ಪು ಬಂತು. ಅದು ಸಂಸತ್ತಿನ ಕಾನೂನಾಗಲು 2013ರವರೆಗೆ ಕಾಯಬೇಕಾಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಇಲ್ಲಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ. ಆ ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ಅಥವಾ ಅಲ್ಪಸಂಖ್ಯಾತ ವರ್ಗದ ಒಬ್ಬ ಮಹಿಳೆ ಇರಲೇಬೇಕು. ತಾಲೂಕಿನಲ್ಲಿ ದೂರು ತೆಗೆದುಕೊಂಡು ಏಳು ದಿನದಲ್ಲಿ ಜಿಲ್ಲೆಗೆ ಕಳಿಸಲು ಒಬ್ಬ ಅಧಿಕಾರಿ ಇರಬೇಕು. ಮನೆಗೆಲಸದವಳಿಗೂ ಈ ಕಾನೂನಿದೆ. ಕಚೇರಿಯಲ್ಲಿ ನೌಕರಿ ಇಲ್ಲದೆ ಯಾವುದೋ ಕೆಲಸದ ಮೇಲೆ ಅಲ್ಲಿಗೆ ಹೋದವಳಿಗೂ ಇದೆ. ಗುಬ್ಬಿ, ಕುಣಿಗಲ್ ತಾಲೂಕುಗಳಲ್ಲಿ ಆ ಅಧಿಕಾರಿ ಯಾರು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾಳೆಯೇ ಒಂದು ಅರ್ಜಿ ಬರೆದು ಕೇಳಿ. ಅದೂ ಒಂದು ಹೋರಾಟವೇ.

ಆದರೆ ರಾಜಕೀಯ ಪಕ್ಷಗಳು ಈ ಕಾನೂನಿನಿಂದ ಆಚೆ ಉಳಿದುಕೊಂಡವು. ಕಾರ್ಯಕರ್ತ ಪಕ್ಷದ ನೌಕರ ಅಲ್ಲ, ಆದ್ದರಿಂದ ಪಕ್ಷ ಸಮಿತಿ ಮಾಡಲೇಬೇಕಾಗಿಲ್ಲ ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಅದನ್ನು ಪ್ರಶ್ನಿಸಿ ಹೋದ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅಂದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣಿಗೆ ಇರುವ ರಕ್ಷಣೆ, ಅವಳ ಓಟು ಕೇಳಲು ಬಂದ ಕಾರ್ಯಕರ್ತೆಗೆ ತನ್ನ ಪಕ್ಷದೊಳಗೆ ಇಲ್ಲ. ಕಾನೂನು ಕಡ್ಡಾಯ ಮಾಡದಿದ್ದರೆ ಏನಂತೆ? ಮಾಡಬೇಡಿ ಅಂತ ಯಾವ ಕೋರ್ಟೂ ಹೇಳಿಲ್ಲ. ನಾವೇ ಮಾಡಿಕೊಳ್ಳಬಹುದು. ಮಾಡಿಕೊಳ್ಳಬೇಕು.

ಹೇಗೆ ಮಾಡಬೇಕು ಅನ್ನುವುದೇ ಇವತ್ತಿನ ಮುಖ್ಯ ಮಾತು. ಯಾಕಂದರೆ ಇಲ್ಲಿ ಕೂತಿರುವ ಹುಡುಗರ ಮನಸ್ಸಿನಲ್ಲಿ ಒಂದು ಭಯ ಇದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಬೇಡ. ನಮ್ಮ ಕೇರಿ ಹುಡುಗ ಮೇಲ್ಜಾತಿ ಹುಡುಗಿಯನ್ನು ಪ್ರೀತಿಸಿದರೆ ಅವಳ ಮನೆಯವರು ಅಪಹರಣ ಅಂತಲೋ ಇನ್ನೊಂದು ಅಂತಲೋ ಕೇಸು ಹಾಕಿಸುವುದನ್ನು ನೋಡಿದ್ದೇವೆ. ಸ್ಟೇಷನ್ನಿನಲ್ಲಿ ನಮ್ಮ ಹುಡುಗನ ಮಾತು ಕೇಳುವವರೇ ಇರುವುದಿಲ್ಲ. 'ನಾಳೆ ನನ್ನ ಮೇಲೂ ಯಾರಾದರೂ ಹೇಳಿದರೆ?' ಅನ್ನುವ ಭಯ ಸುಳ್ಳಲ್ಲ. ಆದರೆ ಈ ಭಯಕ್ಕೆ ಮದ್ದು ಯಾವುದು? ದೂರು ಕೊಟ್ಟವಳ ಬಾಯಿ ಮುಚ್ಚಿಸುವುದು ಮದ್ದಲ್ಲ. ಇಬ್ಬರ ಮಾತನ್ನೂ ಕೇಳುವ ಪದ್ಧತಿಯೇ ಮದ್ದು. ನಮ್ಮ ಮಾತು ಕೇಳದೆ ತೀರ್ಪು ಕೊಟ್ಟರು ಅಂತ ಹೋರಾಡಿದವರು ನಾವು. ಹಾಗಾದ ಮೇಲೆ ದೂರು ಕೊಟ್ಟವಳ ಮಾತನ್ನೂ ಕೇಳಬೇಕು, ಆರೋಪ ಹೊತ್ತವನ ಮಾತನ್ನೂ ಕೇಳಬೇಕು. ಕೇಳಿಸಿಕೊಳ್ಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಅವಳು ಹೇಳಿದ ತಕ್ಷಣ ಕೇಳಿಸಿಕೊಳ್ಳಬೇಕು. ತೀರ್ಪನ್ನು ಕೇಳಿದ ತಕ್ಷಣ ಕೊಡಬಾರದು.

ಅವಸರ ಮಾಡಿದರೆ ಏನಾಗುತ್ತದೆ? ಗೋವಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿಭಾಗ ಮುಖ್ಯಸ್ಥನ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. 2009ರಲ್ಲಿ ವಿಚಾರಣೆ ನಡೆಯಿತು. ಸಮಿತಿ ಒಂದರ ಹಿಂದೊಂದು ದಿನ ವಿಚಾರಣೆ ಇಟ್ಟು, ಆತ ಕೇಳಿದ ಸಮಯ ಕೊಡದೆ ವರದಿ ಬರೆದುಬಿಟ್ಟಿತು. ಆತನನ್ನು ವಜಾ ಮಾಡಿದರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಆತನಿಗೆ ಸರಿಯಾಗಿ ಅವಕಾಶ ಕೊಟ್ಟಿಲ್ಲ ಅಂತ ವಜಾ ಆದೇಶವನ್ನು ರದ್ದು ಮಾಡಿ ವಿಚಾರಣೆಯನ್ನು ಮತ್ತೆ ಸಮಿತಿಗೇ ಕಳಿಸಿತು. ಹದಿನಾಲ್ಕು ವರ್ಷ! ಅವಸರದಲ್ಲಿ ಅನ್ಯಾಯ ಆದದ್ದು ಆತನಿಗೆ ಮಾತ್ರವಾ? ದೂರು ಕೊಟ್ಟ ಆ ಹುಡುಗಿಯರ ಸ್ಥಿತಿ ಏನು? ಇನ್ನೊಂದು ಬದಿಯಿಂದಲೂ ನೋಡಿ. 2018ರಲ್ಲಿ ಕೇರಳದಲ್ಲಿ ಯುವಜನ ಸಂಘಟನೆಯ ಒಬ್ಬ ಕಾರ್ಯಕರ್ತೆ ಸಿಪಿಎಂ ಶಾಸಕರ ಮೇಲೆ ಪಕ್ಷಕ್ಕೆ ದೂರು ಕೊಟ್ಟಳು. ಪಕ್ಷ ತನ್ನದೇ ಇಬ್ಬರು ನಾಯಕರಿಂದ ವಿಚಾರಣೆ ಮಾಡಿಸಿ ಆರು ತಿಂಗಳು ಅಮಾನತು ಮಾಡಿತು. ವಿಚಾರಣೆ ಮಾಡಿದ್ದೇನೋ ಸರಿ. ಆದರೆ ಕೂತವರೆಲ್ಲಾ ಒಂದೇ ಮನೆಯವರಾದರೆ, ತೀರ್ಪು ಸರಿಯಿದ್ದರೂ ಹೊರಗಿನವರು ನಂಬುವುದು ಹೇಗೆ? ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಇದೇ ಪ್ರಶ್ನೆ ಎದ್ದು, 2020ರಲ್ಲಿ ಇಂಥ ದೂರುಗಳಲ್ಲಿ ಶಿಕ್ಷೆ ತೀರ್ಮಾನಿಸಲು ಸಂಸದರಲ್ಲದವರ ಸ್ವತಂತ್ರ ಮಂಡಳಿ ಮಾಡಿದರು.

ಹಾಗಾದರೆ ನಮ್ಮ ಸಂಘಗಳಲ್ಲಿ ಏನು ಮಾಡಬೇಕು? ಬರೆದುಕೊಳ್ಳಿ.

ಒಂದು. ದೂರು ಬಂದ ಮೇಲೆ ಸಮಿತಿ ಹುಡುಕಬಾರದು. ಮೊದಲೇ ಮಾಡಿರಬೇಕು. ಐದು ಜನ ಇರಲಿ, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಒಬ್ಬರು ಕಡ್ಡಾಯವಾಗಿ ಸಂಘದ ಹೊರಗಿನವರು, ವಕೀಲರೋ ಮೇಷ್ಟರೋ ಮಹಿಳಾ ಸಂಘಟನೆಯವರೋ. ನಾಯಕರ ನೆಂಟರು, ಬಾಲಬಡುಕರು ಬೇಡ. ಇವರ ಹೆಸರು ಆಫೀಸಿನ ಗೋಡೆ ಮೇಲೆ ಬರೆದಿರಲಿ.

ಎರಡು. ದೂರು ಅವಳ ಮಾತಿನಲ್ಲೇ ಇರಲಿ. ಬರೆಯಲು ಬಾರದಿದ್ದರೆ ಒಬ್ಬ ಹೆಣ್ಣುಮಗಳು ಬರೆದುಕೊಂಡು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಲಿ. ಒಂದು ಪ್ರತಿ ಅವಳ ಕೈಗೆ ಕೊಡಿ. 'ಇಷ್ಟು ದಿನ ಯಾಕೆ ಹೇಳಲಿಲ್ಲ', 'ನೀನ್ಯಾಕೆ ಅಲ್ಲಿಗೆ ಹೋದೆ' ಅನ್ನುವ ಪ್ರಶ್ನೆ ಬೇಡ. ಯಾವಾಗ, ಎಲ್ಲಿ, ಏನಾಯಿತು, ಯಾರಿದ್ದರು, ಯಾರಿಗೆ ಹೇಳಿದೆ, ಇಷ್ಟು ಕೇಳಿ.

ಮೂರು. ವಿಚಾರಣೆ ಮುಗಿಯುವವರೆಗೆ, ಅವಳ ಮೇಲೆ ಅಧಿಕಾರ ನಡೆಸುವ ಜಾಗದಿಂದ ಅವನು ಪಕ್ಕಕ್ಕೆ ಸರಿದಿರಲಿ. ಇದು ಶಿಕ್ಷೆ ಅಲ್ಲ, ಇಬ್ಬರಿಗೂ ಹಾಗೇ ಹೇಳಿ. ಸಾಮಾನ್ಯವಾಗಿ ಆಗುವುದು ಉಲ್ಟಾ. 'ನೀನು ಸ್ವಲ್ಪ ದಿನ ಬರಬೇಡಮ್ಮ' ಅಂತ ಅವಳನ್ನೇ ಮನೆಗೆ ಕಳಿಸುತ್ತೇವೆ.

ನಾಲ್ಕು. ದೂರಿನ ಪ್ರತಿ ಅವನಿಗೂ ಕೊಡಿ. ಉತ್ತರ ಬರೆಯಲು ಹತ್ತು ದಿನ ಕೊಡಿ. ಅವನ ಸಾಕ್ಷಿಗಳನ್ನೂ ಕರೆಯಿರಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚಬೇಡಿ. ಅವನಿಗೆ ಕೇಳುವ ಪ್ರಶ್ನೆ ಇದ್ದರೆ ಬರೆದು ಕೊಡಲಿ, ಸಮಿತಿ ಕೇಳಲಿ.

ಐದು. ವಾಟ್ಸಾಪ್ ಗುಂಪಿಗೆ ಒಂದು ಅಕ್ಷರ ಹೋಗಬಾರದು. ಅವಳ ಹೆಸರೂ ಹೋಗಬಾರದು, ತೀರ್ಮಾನ ಆಗುವವರೆಗೆ ಅವನ ಹೆಸರೂ ಹೋಗಬಾರದು. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಿಟ್ಟುಕೊಡುವುದು ಕಾನೂನಿನಲ್ಲಿ ಅಪರಾಧ. ಅದು ಮುಚ್ಚಿಹಾಕುವುದು ಅಂತ ತಿಳಿಯಬೇಡಿ. ದೂರು ಬಂದಿದೆ, ಸಮಿತಿ ನೋಡುತ್ತಿದೆ ಅಂತ ಸಂಘಕ್ಕೆ ಹೇಳಬಹುದು. ವಿವರ ಮಾತ್ರ ಬೀದಿಗೆ ಬೇಡ.

ಆರು. ಮೂರು ತಿಂಗಳೊಳಗೆ ಮುಗಿಸಿ. ಕಾನೂನು ಕೊಟ್ಟಿರುವ ಅವಧಿಯೂ 90 ದಿನವೇ. ಏನು ನಂಬಿದೆವು, ಯಾಕೆ ನಂಬಿದೆವು ಅಂತ ಕಾರಣ ಬರೆದು ಇಬ್ಬರಿಗೂ ಕೊಡಿ. ನಾವು ಜೈಲಿಗೆ ಕಳಿಸುವವರಲ್ಲ. ಆದ್ದರಿಂದ ಎರಡು ಕಡೆಯ ಮಾತನ್ನೂ ತೂಗಿ ಯಾವುದು ಹೆಚ್ಚು ನಂಬುವಂತಿದೆ ಅಂತ ನೋಡಿದರೆ ಸಾಕು. ತಪ್ಪಿಗೆ ತಕ್ಕ ಹಾಗೆ ಎಚ್ಚರಿಕೆ, ಹುದ್ದೆಯಿಂದ ಇಳಿಸುವುದು, ಉಚ್ಚಾಟನೆ. ದುಡ್ಡು ಕೊಡಿಸುವುದು, ಕಾಲಿಗೆ ಬೀಳಿಸುವುದು, ಮದುವೆ ಮಾಡಿಸುವುದು, ಈ ಕಟ್ಟೆ ನ್ಯಾಯ ಬೇಡವೇ ಬೇಡ. ಒಪ್ಪದವರು ಇನ್ನೊಂದು ಸಮಿತಿಯ ಮುಂದೆ ಹೋಗಲು ದಾರಿ ಇರಲಿ.

ಏಳು. ಸಾಬೀತಾಗದ ದೂರು ಸುಳ್ಳು ದೂರು ಅಲ್ಲ. ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಸಿಗದೇ ಇರಬಹುದು. 2013ರ ಕಾನೂನೂ ಇದನ್ನೇ ಹೇಳುತ್ತದೆ. ಬೇಕೆಂದೇ ಸುಳ್ಳು ಹೇಳಿದ್ದಾಳೆ ಅಂತ ಬೇರೆಯಾಗಿ ವಿಚಾರಣೆ ಮಾಡಿ ತಿಳಿದರೆ ಮಾತ್ರ ಕ್ರಮ. ಹಾಗೆಯೇ ಸಾಬೀತಾಗದ ಮೇಲೆ ಅವನನ್ನು 'ಅಂಥವನು' ಅಂತ ಬೆನ್ನ ಹಿಂದೆ ಆಡಿಕೊಳ್ಳುವುದೂ ಅನ್ಯಾಯ.

ಎಂಟು. ಇದು ಬಹಳ ಮುಖ್ಯ, ಹಾಸ್ಟೆಲಿನವರು ಕೇಳಿಸಿಕೊಳ್ಳಿ. ದೂರು ಕೊಟ್ಟವಳಿಗೆ ಹದಿನೆಂಟು ತುಂಬಿಲ್ಲದಿದ್ದರೆ ಸಮಿತಿಗೆ ಅಧಿಕಾರವೇ ಇಲ್ಲ. ಪಿಯುಸಿ ಓದುವ ಹುಡುಗಿಯರಲ್ಲಿ ಬಹಳ ಜನ ಅಪ್ರಾಪ್ತರೇ. ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಾದವರು ಪೊಲೀಸಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ನೀವೇ ಅಪರಾಧಿಗಳಾಗುತ್ತೀರಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181. ವಯಸ್ಸಿಗೆ ಬಂದವಳು ಪೊಲೀಸಿಗೆ ಹೋಗುತ್ತೇನೆ ಅಂದರೆ ಜೊತೆಗೆ ಹೋಗಿ. 'ಮೊದಲು ನಮ್ಮ ಸಮಿತಿ ಮುಗಿಯಲಿ' ಅಂತ ತಡೆಯಬೇಡಿ. ಕಾಲೇಜಿನೊಳಗಿನ ವಿಷಯವಾದರೆ ಯುಜಿಸಿಯ 2015ರ ನಿಯಮ ಇದೆ. ಕಾಲೇಜಿನ ಹಾಸ್ಟೆಲನ್ನೂ ಅದು ಕ್ಯಾಂಪಸ್ ಅಂತಲೇ ಎಣಿಸುತ್ತದೆ.

ಇನ್ನೊಂದು ಕಹಿ ಮಾತು. ಮೇಲ್ಜಾತಿಯವನು ನಮ್ಮ ಹೆಣ್ಣುಮಗಳ ಮೈ ಮುಟ್ಟಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇಡೀ ಸಂಘ ಬೀದಿಗೆ ಇಳಿಯುತ್ತದೆ, ಬಿ.ಎಚ್. ರಸ್ತೆ ತುಂಬಾ ಮೆರವಣಿಗೆ ಹೋಗುತ್ತದೆ. ಮುಟ್ಟಿದವನು ನಮ್ಮವನೇ ಆದರೆ ಆ ಕಾಯ್ದೆ ಬರುವುದಿಲ್ಲ. ಮೆರವಣಿಗೆಯೂ ಇಲ್ಲ. ಆಗ ಅವಳು ಒಬ್ಬಳೇ. 'ನಮ್ಮ ಹುಡುಗನ ಭವಿಷ್ಯ ಹಾಳು ಮಾಡ್ತೀಯಾ' ಅಂತ ಜಾತಿಯ ಹೆಸರಿನಲ್ಲೇ ಅವಳ ಬಾಯಿಗೆ ಬೀಗ. ಅವಳ ಭವಿಷ್ಯ ಯಾರದ್ದು? ಅವಳು ನಮ್ಮವಳಲ್ಲವಾ?

1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಕಾರ್ಯಕರ್ತರು ಪೆಟ್ಟು ತಿಂದರು. ದೇವರ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಮೈಯನ್ನು ಬಯಲು ಮಾಡುವುದನ್ನು ಸಹಿಸುವುದಿಲ್ಲ ಅಂತ ನಿಂತ ಚಳವಳಿ ಇದು. ದೇವರ ಹೆಸರಿನಲ್ಲಿ ಸಹಿಸದಿದ್ದನ್ನು ಚಳವಳಿಯ ಹೆಸರಿನಲ್ಲಿ ಸಹಿಸಬೇಕಾ? 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನುವುದನ್ನು ಅದರ ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುತ್ತೇನೆ ಅನ್ನುವ ಅರ್ಥದ ಮಾತು ಹೇಳಿದ್ದರು. ಪ್ರತಿ ಏಪ್ರಿಲ್ 14ಕ್ಕೆ ಆ ಮಾತನ್ನು ಮೈಕಿನಲ್ಲಿ ಹೇಳುತ್ತೇವೆ. ಆ ಅಳತೆಗೋಲನ್ನು ನಮ್ಮ ಆಫೀಸಿನೊಳಗೂ ಒಂದು ಸಲ ಇಟ್ಟು ನೋಡೋಣ.

ಹೆಸರು ಕೆಡುತ್ತದೆ ಅಂತಾರೆ. ದೂರು ಬಂದದ್ದರಿಂದ ಯಾವ ಚಳವಳಿಯ ಹೆಸರೂ ಕೆಡುವುದಿಲ್ಲ. ದೂರು ಬಂದಾಗ ಏನು ಮಾಡಿತು ಅನ್ನುವುದರಿಂದ ಕೆಡುತ್ತದೆ, ಇಲ್ಲಾ ಉಳಿಯುತ್ತದೆ. ಒಬ್ಬ ನಾಯಕ ಹೋದರೆ ಇನ್ನೊಬ್ಬ ಬರುತ್ತಾನೆ. ನಂಬಿ ಬಂದ ಹೆಣ್ಣುಮಗಳು ಒಮ್ಮೆ ತಿರುಗಿ ಹೋದರೆ ಅವಳ ಹಿಂದೆ ಅವಳ ತಂಗಿ ಬರುವುದಿಲ್ಲ, ಅವಳ ಕೇರಿಯ ಹುಡುಗಿಯರು ಬರುವುದಿಲ್ಲ. ಅರ್ಧ ಜನರನ್ನು ಕಳೆದುಕೊಂಡು ಯಾವ ಚಳವಳಿ ಕಟ್ಟುತ್ತೀರಿ?

ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಗುಬ್ಬಿಯವರು ಗುಬ್ಬಿಯಲ್ಲಿ, ಕುಣಿಗಲ್‌ನವರು ಕುಣಿಗಲ್‌ನಲ್ಲಿ, ತುಮಕೂರಿನ ಹಾಸ್ಟೆಲಿನವರು ಇಲ್ಲೇ, ಮುಂದಿನ ಸಭೆಯ ಮೊದಲ ವಿಷಯವಾಗಿ ಇದನ್ನು ಇಟ್ಟುಕೊಳ್ಳಿ. ಸಮಿತಿಗೆ ಐದು ಹೆಸರು ಆರಿಸಿ, ಗೋಡೆ ಮೇಲೆ ಬರೆಯಿರಿ. ಆರಿಸುವಾಗ ಹುಡುಗಿಯರನ್ನು ಕೇಳಿ ಆರಿಸಿ. ಅವರೇ ಒಪ್ಪದ ಸಮಿತಿಗೆ ಯಾರೂ ಬಂದು ಹೇಳುವುದಿಲ್ಲ.

ಜೈ ಭೀಮ್.